ಟೆಲಿವಿಷನ್ನಿನ ಉಚಿತ ವಾಹಿನಿಗಳೂ ಹಣದ ವಾಹಿನಿಗಳೂ

ಮನೆಯಲ್ಲಿ ಟೆಲಿವಿಷನ್ ಇಟ್ಟುಕೊಂಡವರು ಇಂದು ಎರಡು ಪಂಗಡಗಳಾಗಿ ವಾದಿಸುವುದನ್ನು ನೀವು ಕೇಳಿರಬಹುದು. “ದುಡ್ಡು ತೆತ್ತು ನೋಡುವಂಥದು ಅದರಲ್ಲೇನಿದೆ? ಉಚಿತವಾಗಿ ಬರುವುದೇ ಬೇಕಾದಷ್ಟಾಯಿತು” ಎನ್ನುವವರು ಒಂದು ಕಡೆ, “ಪುಕ್ಕಟೆ ಬರುವುದರಲ್ಲಿ ನೋಡತಕ್ಕದ್ದೇನೂ ಇಲ್ಲ, ಒಳ್ಳೆಯದು ಬೇಕಾದರೆ ಬೆಲೆ ಕೊಡಲೇಬೇಕು” ಎನ್ನುವವರು ಇನ್ನೊಂದು ಕಡೆ. ಎರಡು ಮಾತುಗಳಲ್ಲಿಯೂ ಸ್ವಲ್ಪ ಸ್ವಲ್ಪ ನಿಜವುಂಟು. ಆದರೆ ಇಬ್ಬರೂ ‘ಉಚಿತ’ ಎಂಬ ಒಂದೇ ಶಬ್ದವನ್ನು ಬೇರೆ ಬೇರೆ ಅರ್ಥಗಳಲ್ಲಿ ಬಳಸುತ್ತಿರುವುದರಿಂದ ಅವರ ವಾದ ಮುಗಿಯುವುದೇ ಇಲ್ಲ. ಆದಕಾರಣ ಮೊದಲು ಶಬ್ದವನ್ನು ಬಿಡಿಸಿಕೊಂಡು, ಅನಂತರ ಲೆಕ್ಕವನ್ನು ನೋಡಿ, ಆಮೇಲೆ ಅಭಿಪ್ರಾಯಗಳನ್ನು ತೂಗಿನೋಡೋಣ.

ಸಂಸ್ಕೃತದಲ್ಲಿ ‘ಉಚಿತ’ವೆಂದರೆ ತಕ್ಕದ್ದು, ಯೋಗ್ಯವಾದದ್ದು. ‘ಸಮಯೋಚಿತ’, ‘ಅನುಚಿತ’ ಎಂಬ ಮಾತುಗಳಲ್ಲಿ ಈ ಅರ್ಥವೇ ಇಂದಿಗೂ ನಿಂತಿದೆ. ಕನ್ನಡದಲ್ಲಿ ಇದಕ್ಕೆ ‘ಬೆಲೆಯಿಲ್ಲದೆ ದೊರೆಯುವುದು’ ಎಂಬ ಎರಡನೆಯ ಅರ್ಥವೂ ಬಂದು ಸೇರಿಕೊಂಡಿತು. ಹಳ್ಳಿಯ ಮಾತಿನಲ್ಲಿ ಇದನ್ನೇ ‘ಬಿಟ್ಟಿ’ ಎನ್ನುವರು. ‘ಬಿಟ್ಟಿ’ಯು ‘ವಿಷ್ಟಿ’ ಎಂಬುದರ ತದ್ಭವ. ವಿಷ್ಟಿಯೆಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ಬಲವಂತದ ದುಡಿಮೆ. ಎಂದಮೇಲೆ, ಇಂದು ನಾವು ಬಿಟ್ಟಿಯಾಗಿ ಪಡೆಯುವುದನ್ನು ಕುರಿತು ಹೇಳುವ ಮಾತು, ಮೂಲದಲ್ಲಿ ನಾವು ಬಿಟ್ಟಿಯಾಗಿ ಕೊಡುವುದನ್ನು ಹೇಳುತ್ತಿತ್ತು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಹಿಂದಿನ ಕಥೆ

ನಮ್ಮ ದೇಶದಲ್ಲಿ ಟೆಲಿವಿಷನ್ ಪ್ರಸಾರವು 1959ನೆಯ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ, ಆಕಾಶವಾಣಿಯ ಒಂದು ಪ್ರಯೋಗವಾಗಿ ಆರಂಭವಾಯಿತು. ಕನ್ನಡನಾಡಿನ ಹಳ್ಳಿಗಳು ಅದನ್ನು ಮೊದಲು ಕಂಡದ್ದು 1975ರಲ್ಲಿ. ಅಮೆರಿಕದ ಎಟಿಎಸ್-6 ಉಪಗ್ರಹದ ಸಹಾಯದಿಂದ ಒಂದು ವರ್ಷಕಾಲ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳುಹಿಸಲಾಯಿತು. ಅವುಗಳಲ್ಲಿ ಅಂದಿನ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಊರಿಗೆಲ್ಲ ಒಂದೇ ಪೆಟ್ಟಿಗೆ. ನೋಡುವವರು ಒಂದು ಕಾಸನ್ನೂ ಕೊಡಬೇಕಾಗಿರಲಿಲ್ಲ. ಬಂದ ಕಾರ್ಯಕ್ರಮಗಳು ಆ ಪ್ರಾಂತದವರ ಭಾಷೆಯಲ್ಲಿಯೇ ಇರುತ್ತಿದ್ದವು.

ಮನೆಯಲ್ಲಿ ಸ್ವಂತ ಯಂತ್ರವಿದ್ದವರು ಮಾತ್ರ ಆ ಕಾಲದಲ್ಲಿ ಹಣ ಕಟ್ಟುತ್ತಿದ್ದರು. ನಾನು ಬಾಲಕನಾಗಿದ್ದಾಗ ನಮ್ಮ ತಂದೆಯವರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸಿನ ಪುಸ್ತಕದಲ್ಲಿ ಚೀಟಿ ಹಚ್ಚಿಸಿಕೊಂಡು ಬರುತ್ತಿದ್ದುದು ನೆನಪಿದೆ. ಟೆಲಿವಿಷನ್ನಿಗೂ ಅಂಥದೇ ಲೈಸೆನ್ಸು ಇದ್ದಿತು. 1980ರ ದಶಕದಲ್ಲಿ ಆ ಪದ್ಧತಿ ರದ್ದಾಯಿತು. ಬ್ರಿಟನ್ನಿನಲ್ಲಿ ಅದು ಈಗಲೂ ಉಂಟು. ಅಲ್ಲಿ ಒಂದು ಮನೆಯ ವಾರ್ಷಿಕ ಶುಲ್ಕ 2025ರ ಏಪ್ರಿಲಿನಲ್ಲಿ 174 ಪೌಂಡು 50 ಪೆನ್ಸಿಗೆ ಏರಿತು. ಬಿಬಿಸಿ ಸಂಸ್ಥೆ ಮುಖ್ಯವಾಗಿ ನಡೆಯುವುದು ಆ ಹಣದಿಂದ.

1990ರ ದಶಕದಲ್ಲಿ ಕೇಬಲ್ ಬಂದಿತು. 1994ರಲ್ಲಿ ಉದಯ ಟಿವಿ ಆರಂಭವಾದ ಮೇಲೆ ಕನ್ನಡದಲ್ಲಿಯೂ ಖಾಸಗಿ ವಾಹಿನಿಗಳ ಕಾಲ ಮೊದಲಾಯಿತು. ಆಗಿನ ಕೇಬಲ್ ತಂತಿಯಲ್ಲಿ ಬಂದದ್ದೆಲ್ಲವೂ ಎಲ್ಲ ಮನೆಗಳಿಗೂ ಒಂದೇ ರೀತಿ ಬರುತ್ತಿದ್ದಿತು. ಯಾರ ಮನೆಗೆ ಯಾವ ವಾಹಿನಿ ಹೋಯಿತೆಂಬ ಲೆಕ್ಕವಿರಲಿಲ್ಲ. ಕೇಬಲ್‌ನವರು ಕೇಳಿದಷ್ಟನ್ನು ಕೊಟ್ಟು ಸಿಕ್ಕಿದ್ದನ್ನು ನೋಡುವುದೇ ಪದ್ಧತಿಯಾಗಿತ್ತು.

ಡಿಜಿಟಲ್ ಎಂಬುದು ಈ ಸ್ಥಿತಿಯನ್ನು ಬದಲಾಯಿಸಿತು. ಚಿತ್ರವನ್ನೂ ಧ್ವನಿಯನ್ನೂ ಅಂಕೆಗಳಾಗಿ ಮಾಡಿ ಒತ್ತಿಡುವುದರಿಂದ, ಹಿಂದೆ ಒಂದು ವಾಹಿನಿ ಹಿಡಿಸುತ್ತಿದ್ದ ಜಾಗದಲ್ಲಿ ಈಗ ಹಲವು ವಾಹಿನಿಗಳು ಹಿಡಿಸುತ್ತವೆ. ಅಲ್ಲದೆ ಒಂದೊಂದು ವಾಹಿನಿಗೂ ಗುಪ್ತಲಿಪಿಯ ಬೀಗ ಹಾಕಿ, ಹಣ ಕಟ್ಟಿದ ಮನೆಯ ಸೆಟ್ ಟಾಪ್ ಬಾಕ್ಸಿಗೆ ಮಾತ್ರ ಅದರ ಬೀಗದ ಕೈ ಕೊಡಬಹುದು. 1995ರ ಕೇಬಲ್ ಕಾಯಿದೆಗೆ 2011ರಲ್ಲಿ ಬಂದ ತಿದ್ದುಪಡಿಯು ಇದನ್ನು ಕಡ್ಡಾಯ ಮಾಡಿತು. ಬೆಂಗಳೂರು ಮತ್ತು ಮೈಸೂರುಗಳಿಗೆ 2013ರ ಮಾರ್ಚ್ ತಿಂಗಳ ಗಡುವು ಬಂದರೆ, ಹಳ್ಳಿಗಳಿಗೆ 2017ರ ಮಾರ್ಚ್ ಕೊನೆಯ ಗಡುವಾಯಿತು.

ದಾರಿಯ ಸುಂಕ, ಸರಕಿನ ಬೆಲೆ

ಈಗ ಮುಖ್ಯವಾದ ವಿಷಯಕ್ಕೆ ಬಂದೆವು. ಟೆಲಿವಿಷನ್ನಿನಲ್ಲಿ ನಾವು ಕೊಡುವ ಹಣದಲ್ಲಿ ಎರಡು ಬಗೆಗಳುಂಟು. ಒಂದು, ವಾಹಿನಿಗಳು ನಮ್ಮ ಮನೆಗೆ ಬರುವ ದಾರಿಗೆ ಕೊಡುವ ಸುಂಕ. ಇನ್ನೊಂದು, ಆ ದಾರಿಯಲ್ಲಿ ಬರುವ ಸರಕಿನ ಬೆಲೆ. ಉಚಿತ ವಾಹಿನಿಯೆಂದರೆ ಸರಕಿಗೆ ಬೆಲೆಯಿಲ್ಲವೆಂದು ಅರ್ಥವೇ ಹೊರತು ದಾರಿಗೆ ಸುಂಕವಿಲ್ಲವೆಂದಲ್ಲ. ಈ ಭೇದವನ್ನು ತಿಳಿಯದೆಯೇ ಅನೇಕರು ತಿಂಗಳ ಬಿಲ್ಲನ್ನು ನೋಡಿ, “ನಾವು ಉಚಿತ ವಾಹಿನಿಗಳನ್ನೇ ಆರಿಸಿಕೊಂಡೆವಲ್ಲ, ಈ ಹಣವೆಲ್ಲಿಂದ ಬಂತು?” ಎಂದು ಬೆರಗಾಗುವರು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಎಂದರೆ ಜನರ ಬಾಯಲ್ಲಿ ‘ಟ್ರಾಯ್’ ಎನಿಸಿರುವ ಸಂಸ್ಥೆ, 2017ರ ಮಾರ್ಚಿಯಲ್ಲಿ ಹೊಸ ದರವ್ಯವಸ್ಥೆಯನ್ನು ಪ್ರಕಟಿಸಿತು. ನ್ಯಾಯಾಲಯದ ವ್ಯಾಜ್ಯಗಳು ಮುಗಿದು, ಅದು ಮನೆಮನೆಗೂ ತಟ್ಟಿದ್ದು 2019ರ ಫೆಬ್ರವರಿಯಲ್ಲಿ. ಆಗಿನ ನಿಯಮದಂತೆ 100 ವಾಹಿನಿಗಳ ದಾರಿಯ ಸುಂಕ ಹೆಚ್ಚೆಂದರೆ 130 ರೂಪಾಯಿ. ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಹಣದ ವಾಹಿನಿಗಳಿಗೆ ಅವುಗಳ ಒಡೆಯರೇ ಬೆಲೆ ಕಟ್ಟಿ ಪ್ರಕಟಿಸಬೇಕು. ಗುಚ್ಛದಲ್ಲಿ ಸೇರಿಸುವ ವಾಹಿನಿಯ ಬೆಲೆ 19 ರೂಪಾಯಿಯನ್ನು ಮೀರಕೂಡದು.

ಒಂದು ಮನೆಯವರು ಕನ್ನಡದ ನಾಲ್ಕು ಮನರಂಜನೆಯ ವಾಹಿನಿಗಳನ್ನು ಬಯಸಿದರೆನ್ನಿ. ಒಂದೊಂದಕ್ಕೂ 19 ರೂಪಾಯಿ ಎಂದಿಟ್ಟುಕೊಂಡರೆ 76 ರೂಪಾಯಿ. ತೆರಿಗೆ ಸೇರಿ 89 ರೂಪಾಯಿ 68 ಪೈಸೆ. ಸುಂಕವನ್ನು ಕೂಡಿಸಿದರೆ ತಿಂಗಳಿಗೆ 243 ರೂಪಾಯಿ 8 ಪೈಸೆ. ವರ್ಷಕ್ಕೆ 2,900 ರೂಪಾಯಿಗೂ ಮೇಲೆ. ಈ ಲೆಕ್ಕದಲ್ಲಿ ಸರಕಿಗಿಂತ ದಾರಿಯೇ ಹೆಚ್ಚು ದುಬಾರಿಯಾದುದನ್ನು ಗಮನಿಸಿರಿ. 2020ರಲ್ಲಿ ಅದೇ 130 ರೂಪಾಯಿಗೆ 200 ವಾಹಿನಿಗಳನ್ನು ಕೊಡಬೇಕೆಂದಾಯಿತು. 2024ರ ಜುಲೈ ತಿದ್ದುಪಡಿಯು ಸುಂಕದ ಮೇಲ್ಮಿತಿಯನ್ನೇ ತೆಗೆದುಹಾಕಿ, ದರವನ್ನು ಪ್ರಕಟಿಸುವ ಹೊಣೆಯೊಡನೆ ಅದನ್ನು ನಿಗದಿಮಾಡುವ ಸ್ವಾತಂತ್ರ್ಯವನ್ನು ಸೇವೆ ಕೊಡುವವರಿಗೇ ಬಿಟ್ಟಿತು. ಆದುದರಿಂದ ನಿಮ್ಮ ಬಿಲ್ಲಿನಲ್ಲಿ ಸುಂಕವೆಷ್ಟು, ಸರಕಿನ ಬೆಲೆಯೆಷ್ಟು ಎಂಬುದನ್ನು ನೀವೇ ಬಿಡಿಸಿ ನೋಡಿಕೊಳ್ಳಬೇಕು.

ಸುಂಕವಿಲ್ಲದ ದಾರಿಯೂ ಒಂದುಂಟು. ದೂರದರ್ಶನವು 2004ರ ಡಿಸೆಂಬರಿನಲ್ಲಿ 33 ವಾಹಿನಿಗಳೊಡನೆ ‘ಡಿಡಿ ಡೈರೆಕ್ಟ್ ಪ್ಲಸ್’ ಎಂಬ ಉಪಗ್ರಹ ಸೇವೆಯನ್ನು ಆರಂಭಿಸಿತು. ಅದೇ ಈಗಿನ ‘ಡಿಡಿ ಫ್ರೀ ಡಿಶ್’. ತಟ್ಟೆಗೂ ಪೆಟ್ಟಿಗೆಗೂ ಸೇರಿ ಒಂದೇ ಸಾರಿ ಸುಮಾರು ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಖರ್ಚು ಮಾಡಿದರಾಯಿತು. ಆಮೇಲೆ ತಿಂಗಳ ಹಣವೆಂಬುದಿಲ್ಲ. ದೇಶದಲ್ಲಿ ನಾಲ್ಕು ಕೋಟಿಗೂ ಮಿಕ್ಕ ಮನೆಗಳು ಇದನ್ನು ಬಳಸುತ್ತಿವೆಯೆಂದು ಅಂದಾಜು. ದೂರದ ಮತ್ತು ಗಡಿಯ ಪ್ರದೇಶಗಳಲ್ಲಿ, ಆದಿವಾಸಿಗಳಿರುವ ಕಡೆಗಳಲ್ಲಿ, ಎಂಟು ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಹಣವಿಲ್ಲದೆ ಹಂಚುವ ಯೋಜನೆಗೆ ಕೇಂದ್ರ ಸರಕಾರ 2023ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು.

ನೋಡುವವರ ಮಾತುಗಳು

ಶಾಲೆಗೆ ಬರುವ ತಾಯಿತಂದೆಗಳು, ಬಸ್ಸಿಗೆ ಕಾದಿರುವವರು, ನೆರೆಹೊರೆಯವರು ಇವರೆಲ್ಲರ ಬಾಯಿಂದ ನಾನು ಕೇಳಿದ ಮಾತುಗಳನ್ನು ಕ್ರಮವಾಗಿ ನೋಡೋಣ.

“ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಕಾಲ ಇದು, ಸಿಕ್ಕುವುದನ್ನು ಬಿಡುವುದೇಕೆ?” ಎನ್ನುವವರು ಮೊದಲಿನವರು. ದಿನಗೂಲಿಯ ಮನೆಗೆ ತಿಂಗಳಿಗೆ 250 ರೂಪಾಯಿ ಸಣ್ಣ ಮೊತ್ತವಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚುವವರನ್ನು ಯಾರೂ ಹಳಿಯಲಾಗದು. ಆದರೆ ಉಚಿತವಾಗಿ ಬರುತ್ತಿರುವುದು ನಾಳೆಯೂ ಬಂದೀತೆಂಬ ಭರವಸೆಯಿಲ್ಲ. 2019ರ ಮಾರ್ಚಿಯಲ್ಲಿ ದೊಡ್ಡ ಪ್ರಸಾರ ಸಂಸ್ಥೆಗಳು ತಮ್ಮ ಹಿಂದೀ ಮನರಂಜನೆಯ ವಾಹಿನಿಗಳನ್ನು ಫ್ರೀ ಡಿಶ್‌ನಿಂದ ಹಿಂತೆಗೆದುಕೊಂಡವು; 2020ರಲ್ಲಿ ಮತ್ತೆ ತಂದವು; 2022ರ ಏಪ್ರಿಲಿನಲ್ಲಿ ಮತ್ತೆ ತೆಗೆದವು. ನೋಡುವವರನ್ನು ಯಾರೂ ಕೇಳಲಿಲ್ಲ. ಹಣ ಕೊಡದವನಿಗೆ ದೂರು ಹೇಳುವ ಹಕ್ಕು ಕಡಿಮೆಯಾಗುವುದೇ ಇಂಥ ಉಚಿತದ ದೊಡ್ಡ ಕೊರತೆ.

ಎರಡನೆಯ ಮಾತು ಹಣ ಕೊಡುವವರದು: “ದುಡ್ಡನ್ನೂ ಕೊಟ್ಟು ಜಾಹೀರಾತನ್ನೂ ನೋಡಬೇಕೆ?” ಈ ದೂರಿನಲ್ಲಿ ನ್ಯಾಯವಿದೆ. ಪತ್ರಿಕೆಯನ್ನು ಕೊಂಡವರೂ ಜಾಹೀರಾತನ್ನು ನೋಡುತ್ತಾರಲ್ಲವೆ ಎಂದು ಸಮಾಧಾನ ಹೇಳುವುದುಂಟು. ಆದರೆ ಪತ್ರಿಕೆಯ ಜಾಹೀರಾತನ್ನು ಕಣ್ಣು ದಾಟಿಸಿ ಹೋಗಬಹುದು. ಟೆಲಿವಿಷನ್ನಿನದನ್ನು ಕುಳಿತು ಕಳೆಯಬೇಕು. ಕೇಬಲ್ ನಿಯಮಾವಳಿಯ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಕೂಡದು. ಅದರಲ್ಲಿ ಎರಡು ನಿಮಿಷ ವಾಹಿನಿಯು ತನ್ನ ಕಾರ್ಯಕ್ರಮಗಳನ್ನೇ ಸಾರಿಕೊಳ್ಳುವುದಕ್ಕೆ. ಗಡಿಯಾರವನ್ನು ಎದುರಿಗಿಟ್ಟುಕೊಂಡು ಒಂದು ಸಂಜೆ ಎಣಿಸಿ ನೋಡಿದರೆ ನಿಮಗೇ ತಿಳಿದೀತು.

ಮೂರನೆಯದು ಗುಚ್ಛದ ಮಾತು. ಅಂಗಡಿಯ ಭಾಷೆಯಲ್ಲಿ ‘ಪ್ಯಾಕ್’. “ನಮಗೆ ಬೇಕಾದದ್ದು ಎರಡು, ತಲೆಗೆ ಕಟ್ಟಿದ್ದು ಹನ್ನೆರಡು” ಎಂದು ಒಬ್ಬ ಗೃಹಿಣಿಯರು ಹೇಳಿದರು. ಬಿಡಿಯಾಗಿ ಕೊಂಡರೆ ಪೂರ್ಣ ಬೆಲೆ, ಗುಚ್ಛವಾಗಿ ಕೊಂಡರೆ ನೂರಕ್ಕೆ 45ರವರೆಗೂ ಸೋಡಿ ಕೊಡಬಹುದೆಂದು 2022ರ ತಿದ್ದುಪಡಿ ಹೇಳಿತು. ಹಾಗಾಗಿ ಆರಿಸಿಕೊಳ್ಳುವ ಹಕ್ಕು ಕಾಗದದಲ್ಲಿ ಇದ್ದರೂ, ಲೆಕ್ಕವು ನಮ್ಮನ್ನು ಗುಚ್ಛದ ಕಡೆಗೇ ತಳ್ಳುತ್ತದೆ. ಮದುವೆಯ ಊಟದಲ್ಲಿ ಬೇಡವಾದ ಭಕ್ಷ್ಯವನ್ನು ಎಲೆಯ ಮೇಲೆ ಬಿಡಬಹುದು. ಇಲ್ಲಿ ಬಿಟ್ಟ ಭಕ್ಷ್ಯಕ್ಕೂ ಹಣ ಕೊಟ್ಟಿರುತ್ತೇವೆ.

ನಾಲ್ಕನೆಯವರು ಕ್ರಿಕೆಟ್ಟಿನ ಅಭಿಮಾನಿಗಳು. ದೇಶಕ್ಕೆ ಮಹತ್ತ್ವದ್ದೆಂದು ಸಾರಲ್ಪಟ್ಟ ಪಂದ್ಯಗಳನ್ನು ಹಕ್ಕು ಪಡೆದವರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂದು 2007ರ ಕಾಯಿದೆ ವಿಧಿಸಿತು. ಆದರೆ ಆ ಪ್ರಸಾರ ದೂರದರ್ಶನದ ಸ್ವಂತ ದಾರಿಗಳಿಗೆ ಮಾತ್ರ ಸಲ್ಲುವುದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹೀಗಾಗಿ ಅಂಥ ಪಂದ್ಯ ಫ್ರೀ ಡಿಶ್ ಇರುವ ಬಡವನ ಮನೆಯಲ್ಲಿ ಕಾಣಿಸಿ, ಹಣ ಕೊಟ್ಟು ಕೇಬಲ್ ಪಡೆದವನ ಮನೆಯ ದೂರದರ್ಶನ ವಾಹಿನಿಯಲ್ಲಿ ಕಾಣಿಸದೆ ಹೋಗುವ ವಿಚಿತ್ರವೂ ಉಂಟು.

“ಇದೆಲ್ಲ ಯಾತಕ್ಕೆ? ಮೊಬೈಲಿನಲ್ಲಿಯೇ ಎಲ್ಲವೂ ಸಿಗುತ್ತದೆ” ಎನ್ನುವವರು ತರುಣರು. ಅವರ ದಾರಿಯ ಸುಂಕವು ಡೇಟಾ ಎಂಬ ಹೆಸರಿನಲ್ಲಿ ಹೋಗುತ್ತದೆ. ಹೆಸರು ಬೇರೆ, ಸುಂಕ ಅದೇ. ಮೇಲಾಗಿ ಮೊಬೈಲು ಒಬ್ಬರ ಕೈಯಲ್ಲಿರುವುದು. ಟೆಲಿವಿಷನ್ ಮನೆಯವರೆಲ್ಲರೂ ಕೂಡಿ ನೋಡುವುದು.

ಬಿಟ್ಟಿಯ ಮೂಲಾರ್ಥ

ಹಾಗಾದರೆ ಉಚಿತ ವಾಹಿನಿಯ ಖರ್ಚನ್ನು ಯಾರು ಹೊರುತ್ತಾರೆ? ದೂರದರ್ಶನದ್ದಾದರೆ ಬಹುಮಟ್ಟಿಗೆ ಸರಕಾರದ ಬೊಕ್ಕಸ, ಎಂದರೆ ಬೆಂಕಿಪೊಟ್ಟಣ ಕೊಳ್ಳುವವನವರೆಗೆ ತೆರಿಗೆ ತೆರುವ ನಾವೆಲ್ಲರೂ. ಖಾಸಗಿಯವರದಾದರೆ ಜಾಹೀರಾತು ಕೊಡುವವರು. ಫ್ರೀ ಡಿಶ್‌ನಲ್ಲಿ ಸ್ಥಳ ಪಡೆಯಲು ಖಾಸಗಿ ವಾಹಿನಿಗಳು ಹರಾಜಿನಲ್ಲಿ ಕೋಟಿಗಟ್ಟಲೆ ಹಣ ಕೂಗುತ್ತವೆ. ಅಷ್ಟು ಹಣವನ್ನು ಸುರಿಯುವವರು ಧರ್ಮಛತ್ರ ನಡೆಸುತ್ತಿಲ್ಲ. ಎಷ್ಟು ಮನೆಗಳಲ್ಲಿ ಎಷ್ಟು ಹೊತ್ತು ತಮ್ಮನ್ನು ನೋಡುತ್ತಾರೆಂಬ ಲೆಕ್ಕವನ್ನು ತೋರಿಸಿ, ಆ ಹೊತ್ತನ್ನು ಅವರು ಸಾಬೂನು, ಚಹ, ತಂಪು ಪಾನೀಯಗಳ ಕಂಪನಿಗಳಿಗೆ ಮಾರುತ್ತಾರೆ. ಮಾರಾಟವಾಗುವುದು ನಮ್ಮ ಹೊತ್ತು, ಕೂಲಿ ನಮಗಿಲ್ಲ. ‘ವಿಷ್ಟಿ’ ಎಂಬ ಹಳೆಯ ಮಾತಿನ ಅರ್ಥ ಇಲ್ಲಿ ಎಷ್ಟು ಚೆನ್ನಾಗಿ ಒಪ್ಪುವುದು ನೋಡಿ.

ಹೀಗೆ ಬೆಲೆಯನ್ನು ಮೂರು ಬಗೆಯಾಗಿ ತೆರಬಹುದು: ತೆರಿಗೆಯಿಂದ, ಹಣದಿಂದ, ಹೊತ್ತಿನಿಂದ. ಬೆಲೆ ಕೊಡುವವನು ಯಾರೋ ಅವನ ಕಡೆಗೇ ಕಾರ್ಯಕ್ರಮದ ಮುಖ ತಿರುಗಿರುತ್ತದೆ. ಜಾಹೀರಾತಿನಿಂದ ಬದುಕುವ ವಾಹಿನಿಗೆ ಹೆಚ್ಚು ಕೊಳ್ಳುವವರು ಬೇಕು. ಚಂದಾದಿಂದ ಬದುಕುವುದಕ್ಕೆ ಚಂದಾದಾರರು ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು. ತೆರಿಗೆಯಿಂದ ಬದುಕುವುದು ಪ್ರಜೆಗಳೆಲ್ಲರಿಗೂ ಉತ್ತರ ಹೇಳಬೇಕು. ಮೂರಕ್ಕೂ ಅದರದರ ಗುಣದೋಷಗಳುಂಟು.

ಕನ್ನಡದ ಪಾಲು

ಇಲ್ಲಿ ಕನ್ನಡಿಗರು ವಿಶೇಷವಾಗಿ ಯೋಚಿಸಬೇಕಾದ ಒಂದು ಸಂಗತಿಯಿದೆ. ಸುಂಕವಿಲ್ಲದ ಆ ದಾರಿಯಲ್ಲಿ ಬರುವ ಖಾಸಗಿ ವಾಹಿನಿಗಳಲ್ಲಿ ಬಹುಪಾಲು ಹಿಂದಿಯವು. ಕನ್ನಡದ್ದೆಂದು ನಂಬಿಕೊಳ್ಳಬಹುದಾದದ್ದು ದೂರದರ್ಶನದ ‘ಚಂದನ’. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಮೊದಲಾದ ಜನಪ್ರಿಯ ವಾಹಿನಿಗಳೆಲ್ಲ ಹಣದವು. ಇದಕ್ಕೆ ಯಾರ ದ್ವೇಷವೂ ಕಾರಣವಲ್ಲ, ಲೆಕ್ಕವೇ ಕಾರಣ. ಹಿಂದೀ ವಾಹಿನಿಯು ಹಲವು ರಾಜ್ಯಗಳ ಜನರ ಹೊತ್ತನ್ನು ಒಟ್ಟಾಗಿ ಮಾರಬಲ್ಲುದು. ಕನ್ನಡದ ವಾಹಿನಿಗೆ ಇರುವುದು ಒಂದು ರಾಜ್ಯ. ಅದಕ್ಕೆ ಚಂದಾಹಣವೂ ಬೇಕಾಗುತ್ತದೆ. ಅಲ್ಲದೆ ಫ್ರೀ ಡಿಶ್‌ನಲ್ಲಿ ಉಚಿತವಾಗಿ ಬರುವ ವಾಹಿನಿ ಉಳಿದೆಲ್ಲ ದಾರಿಗಳಲ್ಲಿಯೂ ಉಚಿತವಾಗಿರಬೇಕೆಂದು 2024ರ ತಿದ್ದುಪಡಿ ವಿಧಿಸಿತು. ಸಮಾನತೆಯ ದೃಷ್ಟಿಯಿಂದ ಇದು ಸರಿಯೇ. ಆದರೆ ಚಂದಾಹಣವನ್ನು ನೆಚ್ಚಿದ ಕನ್ನಡ ವಾಹಿನಿಗೆ ಆ ಬಾಗಿಲು ಇದರಿಂದ ಇನ್ನಷ್ಟು ಕಿರಿದಾಯಿತು. 1975ರಲ್ಲಿ ರಾಯಚೂರಿನ ಹಳ್ಳಿಗೆ ಬಿಟ್ಟಿಯಾಗಿ ಬಂದ ಪೆಟ್ಟಿಗೆ ಕನ್ನಡ ಮಾತಾಡಿತ್ತು. ಇಂದು ಅದೇ ಹಳ್ಳಿಗೆ ಬಿಟ್ಟಿಯಾಗಿ ಬರುವ ಪೆಟ್ಟಿಗೆಯಲ್ಲಿ ಕನ್ನಡ ಒಂದು ಮೂಲೆಯಲ್ಲಿದೆ.

ಚಂದನದ ಬೆಲೆ ಎಷ್ಟೆಂಬುದು ಉಪಾಧ್ಯಾಯನಾದ ನನಗೆ 2020ರಲ್ಲಿ ಚೆನ್ನಾಗಿ ಅರ್ಥವಾಯಿತು. ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ‘ಸಂವೇದ’ ಎಂಬ ಹೆಸರಿನಲ್ಲಿ ಪಾಠಗಳು ಚಂದನದಲ್ಲಿ ಪ್ರಸಾರವಾದವು. ಮೊಬೈಲು ಇಲ್ಲದ ಮಕ್ಕಳಿಗೆ ಅದೇ ತರಗತಿಯಾಯಿತು. ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆಗೆ ಆ ತಿಂಗಳುಗಳಲ್ಲಿ ಕೆಲಸವಿರಲಿಲ್ಲ, ಕೇಬಲ್ಲಿನ ಹಣ ಕಟ್ಟಲಾಗಲಿಲ್ಲ, ಪೆಟ್ಟಿಗೆ ನಿಂತುಹೋಯಿತು. ಚಂದನ ಉಚಿತ ವಾಹಿನಿಯೇ. ಆದರೆ ದಾರಿಯ ಸುಂಕ ನಿಂತರೆ ಸಾಮಾನ್ಯವಾಗಿ ಉಚಿತವಾದದ್ದೂ ನಿಲ್ಲುತ್ತದೆ. ಆ ಹುಡುಗಿ ಎರಡು ಬೀದಿಗಳಾಚೆ ಫ್ರೀ ಡಿಶ್ ಇದ್ದ ಮನೆಯ ಜಗಲಿಯಲ್ಲಿ ಕುಳಿತು ಗಣಿತದ ಪಾಠ ಬರೆದುಕೊಂಡಳು. ಉಚಿತ ವಾಹಿನಿಗೂ ಉಚಿತ ದಾರಿಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಸುತ್ತೋಲೆಯೂ ಹೇಳಲಾರದು.

ಹಣವಿಲ್ಲದ ವಾಹಿನಿಯಲ್ಲಿ ಗುಣವಿಲ್ಲವೆಂಬುದೂ ಒಪ್ಪತಕ್ಕ ಮಾತಲ್ಲ. ಡಾಕ್ಟರ್ ನಾ. ಸೋಮೇಶ್ವರ ಅವರು 2002ರಿಂದ ಚಂದನದಲ್ಲಿ ಸಾವಿರಾರು ಕಂತುಗಳಲ್ಲಿ ನಡೆಸಿಕೊಟ್ಟ ‘ಥಟ್ ಅಂತ ಹೇಳಿ’ ರಸಪ್ರಶ್ನೆಯಲ್ಲಿ ಗೆದ್ದವರಿಗೆ ಸಿಕ್ಕುವ ಬಹುಮಾನ ಕನ್ನಡ ಪುಸ್ತಕ. ಕೋಟಿ ರೂಪಾಯಿಯ ಆಸೆ ತೋರಿಸದೆಯೂ ಜನರನ್ನು ಕೂರಿಸಬಹುದೆಂಬುದಕ್ಕೆ ಇದೊಂದು ನಿದರ್ಶನ.

ನೀವು ಮಾಡಬಹುದಾದದ್ದು

ಮನೆಯವರೆಲ್ಲ ಒಂದು ರಾತ್ರಿ ಊಟವಾದ ಮೇಲೆ ಕುಳಿತು, ಕಳೆದ ವಾರ ನಿಜವಾಗಿ ನೋಡಿದ ವಾಹಿನಿಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಪಟ್ಟಿ ಹತ್ತು ಹನ್ನೆರಡನ್ನು ಮೀರುವುದು ಅಪರೂಪ. ಅವುಗಳಲ್ಲಿ ಉಚಿತವಾದವು ಯಾವುವು, ಹಣದವು ಯಾವುವು ಎಂಬುದನ್ನು ಗುರುತುಮಾಡಿ, ಬಿಡಿಯ ಬೆಲೆಯನ್ನೂ ಗುಚ್ಛದ ಬೆಲೆಯನ್ನೂ ಕೇಬಲ್‌ನವರಿಂದ ಕೇಳಿ ಪಡೆದು ಹೋಲಿಸಿ ನೋಡಿರಿ. ಒಂದೇ ವಾಹಿನಿಯ ಎಚ್‌ಡಿ ರೂಪವೂ ಸಾಮಾನ್ಯ ರೂಪವೂ ಎರಡೂ ಸೇರಿದ್ದರೆ ಒಂದನ್ನು ತೆಗೆಸಿರಿ. ಎಚ್‌ಡಿಯ ಒಂದು ವಾಹಿನಿಯನ್ನು 2017ರ ದರವ್ಯವಸ್ಥೆಯ ಸುಂಕದ ಲೆಕ್ಕದಲ್ಲಿ ಎರಡೆಂದು ಎಣಿಸುವ ಕ್ರಮವಿದ್ದಿತು. ಫ್ರೀ ಡಿಶ್ ಕೊಳ್ಳುವವರು ಎಂಪೆಗ್-4 ಬಗೆಯ ಪೆಟ್ಟಿಗೆಯನ್ನೇ ಕೇಳಿರಿ. ಹಳೆಯ ಬಗೆಯದರಲ್ಲಿ ಕೆಲವು ವಾಹಿನಿಗಳು ಕಾಣುವುದಿಲ್ಲ. ಹಣ ಕೊಡುವವರು ಅದರ ರಸೀದಿಯನ್ನು ಪಡೆಯಿರಿ. ದೂರು ಹೇಳುವಾಗ ಅದೇ ಆಧಾರ.

ಇನ್ನು ಸಾರ್ವಜನಿಕವಾಗಿ ನಾವು ಕೇಳಬೇಕಾದದ್ದೇನು? ಎಲ್ಲವೂ ಬಿಟ್ಟಿಯಾಗಲೆಂದು ಕೇಳುವುದು ತರವಲ್ಲ. ಕಲಾವಿದರಿಗೂ ತಂತ್ರಜ್ಞರಿಗೂ ಕೂಲಿ ಸಲ್ಲಬೇಕು. ಆದರೆ ಸುದ್ದಿ, ಪಾಠ, ಬೇಸಾಯದ ಮಾತು, ಆರೋಗ್ಯದ ಮಾತು, ಒಂದಿಷ್ಟು ಸಂಗೀತ ಮತ್ತು ನಾಟಕ ಇವು ಕನ್ನಡದಲ್ಲಿ, ಸುಂಕದ ಕಟ್ಟೆಯಿಲ್ಲದ ದಾರಿಯಲ್ಲಿ, ಕಡುಬಡವನ ಮನೆಗೂ ತಲುಪಬೇಕು. ಅದಕ್ಕಾಗಿ ಚಂದನಕ್ಕೆ ತಕ್ಕ ಹಣವೂ ಜನವೂ ಒದಗಬೇಕೆಂದು ತೆರಿಗೆ ತೆರುವ ನಾವು ಕೇಳುವುದು ನ್ಯಾಯ. ನೋಡಿದ ಕಾರ್ಯಕ್ರಮ ಚೆನ್ನಾಗಿದ್ದರೆ ಚೆನ್ನಾಗಿದೆಯೆಂದೂ, ಕೆಟ್ಟದಾಗಿದ್ದರೆ ಕೆಟ್ಟದೆಂದೂ ಒಂದು ಕಾಗದ ಬರೆದು ತಿಳಿಸುವ ಅಭ್ಯಾಸವನ್ನು ಆಕಾಶವಾಣಿಯ ಕೇಳುಗರು ಬಹುಕಾಲದಿಂದ ಇಟ್ಟುಕೊಂಡಿದ್ದಾರೆ. ಟೆಲಿವಿಷನ್ ನೋಡುವವರೂ ಅದನ್ನು ಕಲಿಯಲಿ. ಬೆಲೆಯಿಲ್ಲದೆ ಬರುವುದು ಯೋಗ್ಯವಾಗಿಯೂ ಇದ್ದಾಗ ‘ಉಚಿತ’ ಎಂಬ ಮಾತು ತನ್ನ ಎರಡು ಅರ್ಥಗಳಲ್ಲಿಯೂ ಸಾರ್ಥಕವಾಗುವುದು.